ಕಾವು ಮರೆತ ಹೇಂಟೆ

ಹೇಂಟೆ ಕಾವಿಗೆ ಬಂದಿದೆ ಎಂಬುದನ್ನು ಹಳ್ಳಿಯ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿನ್ನೆಯವರೆಗೆ ತಿಪ್ಪೆ ಕೆದರುತ್ತಿದ್ದ ಕೋಳಿ ಇವತ್ತು ಬುಟ್ಟಿ ಬಿಟ್ಟು ಏಳುವುದಿಲ್ಲ. ಹತ್ತಿರ ಕೈ ತಂದರೆ ಪುಕ್ಕ ಉಬ್ಬಿಸಿಕೊಂಡು ಕುಕ್ಕಲು ಬರುತ್ತದೆ. ಎದೆಯ ಕೆಳಗಿನ ಪುಕ್ಕ ಉದುರಿ ಬರಿ ಚರ್ಮ ಬೆಚ್ಚಗಾಗಿರುತ್ತದೆ. ಆಗ ಅವಳು ಮಂಕರಿಯ ತಳಕ್ಕೆ ಬೂದಿ ಹಾಕಿ, ಮೇಲೆ ಹುಲ್ಲು ಹಾಸಿ, ಗಡಿಗೆಯಲ್ಲಿ ಕೂಡಿಟ್ಟ ಮೊಟ್ಟೆಗಳಲ್ಲಿ ಒಳ್ಳೆಯವನ್ನು ಆರಿಸುತ್ತಾಳೆ. ತೀರಾ ಹಳೆಯದು ಬೇಡ, ಬಿರುಕು ಬಿಟ್ಟದ್ದು ಬೇಡ. ಯಾವ ಕೋಳಿಯ ಮರಿ ಕಳೆದ ಸಲ ಗಟ್ಟಿಯಾಗಿ ಬದುಕಿತೋ ಅದರ ಮೊಟ್ಟೆ ಎರಡು ಹೆಚ್ಚು ಇರಲಿ. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಕಬ್ಬಿಣದ ಚೂರು, ಒಂದು ಇದ್ದಿಲ ತುಂಡು ಬದಿಗಿಡುತ್ತಾಳೆ. ಏಳೆಂಟು ದಿನ ಕಳೆದ ಮೇಲೆ ದೀಪದ ಬೆಳಕಿಗೆ ಮೊಟ್ಟೆ ಹಿಡಿದು ನೋಡಿ, ಒಳಗೆ ನರ ಕಟ್ಟದ ಗೊಡ್ಡು ಮೊಟ್ಟೆಗಳನ್ನು ತೆಗೆದುಬಿಡುತ್ತಾಳೆ. ಇಪ್ಪತ್ತೊಂದನೆಯ ದಿನ ಬುಟ್ಟಿಯಿಂದ ಚಿಂವ್ ಚಿಂವ್ ಸದ್ದು ಕೇಳಿಸುತ್ತದೆ.

ಸಾವಿರಾರು ವರ್ಷ ಕೋಳಿ ಸಾಕಣೆಯೆಂದರೆ ಇಷ್ಟೇ ಆಗಿತ್ತು. ಯಂತ್ರ ಬೇಕಿರಲಿಲ್ಲ, ಕರೆಂಟು ಬೇಕಿರಲಿಲ್ಲ, ಮರಿ ಕೊಳ್ಳಲು ಪಟ್ಟಣಕ್ಕೆ ಹೋಗಬೇಕಿರಲಿಲ್ಲ. ಮುಂದಿನ ಪೀಳಿಗೆಯ ಹಿಂಡು ಹಿತ್ತಲಿನಲ್ಲೇ ಹುಟ್ಟುತ್ತಿತ್ತು. ಭಾರತದ ಕೋಳಿಯ ಇತಿಹಾಸ ಬರೆದವರು ಹೆಚ್ಚಾಗಿ ಮೊಟ್ಟೆಯ ಲೆಕ್ಕ ಬರೆದಿದ್ದಾರೆ, ಮಾಂಸದ ತೂಕ ಬರೆದಿದ್ದಾರೆ. ಕಾವಿನ ಇತಿಹಾಸ ಅದರ ನಡುವೆ ಅಡಗಿ ಕುಳಿತಿದೆ. ಅದನ್ನು ಹಿಡಿದು ಹಿಂದಕ್ಕೆ ಹೋದರೆ, ಹಿತ್ತಲಿನ ಹಿಂಡು ಯಾರ ಕೈಯಲ್ಲಿತ್ತು, ಯಾರ ಕೈಗೆ ಹೋಯಿತು ಎಂಬುದು ಕಾಣಿಸುತ್ತದೆ.

ನಾಟಿ ಕೋಳಿಯ ಲೆಕ್ಕ

ನಾಟಿ ಕೋಳಿ ವರ್ಷಕ್ಕೆ ಐವತ್ತು ಅರುವತ್ತು ಮೊಟ್ಟೆ ಇಡುತ್ತದೆ. ಪಂಜರದಲ್ಲಿ ಸಾಕುವ ಇಂದಿನ ಮೊಟ್ಟೆ ಕೋಳಿ 300ಕ್ಕೂ ಹೆಚ್ಚು ಇಡುತ್ತದೆ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು, ನಾಟಿ ಕೋಳಿ 'ಕಡಿಮೆ ಉತ್ಪಾದನೆ'ಯದು ಎಂದು ಎಷ್ಟೋ ವರದಿಗಳು ತೀರ್ಪು ಕೊಟ್ಟಿವೆ. ಆದರೆ ನಾಟಿ ಕೋಳಿಯ ವರ್ಷ ಹೇಗೆ ಕಳೆಯುತ್ತದೆ ಎಂದು ನೋಡಬೇಕು. ಎರಡು ಮೂರು ವಾರದಲ್ಲಿ ಹನ್ನೆರಡರಿಂದ ಹದಿನೈದು ಮೊಟ್ಟೆ ಇಟ್ಟು ಮುಗಿಸುತ್ತದೆ. ಆಮೇಲೆ ಮೂರು ವಾರ ಕಾವು. ಆಮೇಲೆ ಏಳೆಂಟು ವಾರ ಮರಿಗಳ ಹಿಂದೆಮುಂದೆ ಓಡಾಟ. ಒಂದು ಸುತ್ತು ಮುಗಿಯಲು ಮೂರು ತಿಂಗಳ ಮೇಲಾಗುತ್ತದೆ, ವರ್ಷಕ್ಕೆ ಮೂರೋ ನಾಲ್ಕೋ ಸುತ್ತು. ಅಂದರೆ ವರ್ಷದ ಮುಕ್ಕಾಲು ಭಾಗ ಅದು ಬೇರೆ ಕೆಲಸದಲ್ಲಿರುತ್ತದೆ. ಮೊಟ್ಟೆಗೆ ಶಾಖ ಕೊಡುವ ಯಂತ್ರ, ಅದನ್ನು ಆಗಾಗ ಹೊರಳಿಸುವ ಆಳು, ಮರಿಗೆ ಬೆಚ್ಚನೆಯ ಮನೆ, ಹದ್ದು ಕಂಡರೆ ಕೂಗಿ ಎಚ್ಚರಿಸುವ ಕಾವಲುಗಾರ, ಯಾವುದು ತಿನ್ನಬಹುದು ಯಾವುದು ಬಾರದು ಎಂದು ಕೊಕ್ಕಿನಿಂದ ತೋರಿಸಿಕೊಡುವ ಮೇಷ್ಟ್ರು ಎಲ್ಲವೂ ಅದೇ.

ಜೀವಶಾಸ್ತ್ರದಲ್ಲಿ ಇದಕ್ಕೆ ವಿವರಣೆಯಿದೆ. ಗೂಡಿನಲ್ಲಿ ಮೊಟ್ಟೆಗಳು ಸೇರುತ್ತಾ ಹೋದಂತೆ, ಅವು ಎದೆಗೆ ತಾಗುತ್ತಿದ್ದಂತೆ, ಹೇಂಟೆಯ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಾಗಿ ಸುರಿಯುತ್ತದೆ. ಹಸುವಿನಲ್ಲೂ ಹೆಂಗಸಿನಲ್ಲೂ ಹಾಲಿಗೆ ಕಾರಣವಾಗುವುದು ಇದೇ. ಕೋಳಿಯಲ್ಲಿ ಅದು ಅಂಡಾಶಯದ ಕೆಲಸ ನಿಲ್ಲಿಸಿ ಕಾವಿಗೆ ಕೂರಿಸುತ್ತದೆ. ಮೊಟ್ಟೆ ತೆಗೆದುಬಿಟ್ಟರೆ, ಕೋಳಿಯನ್ನು ತಣ್ಣೀರಿನಲ್ಲಿ ಅದ್ದಿ ಬಿಟ್ಟರೆ, ಕೆಲವು ದಿನದಲ್ಲಿ ಕಾವು ಇಳಿದು ಮತ್ತೆ ಮೊಟ್ಟೆಗೆ ಬರುತ್ತದೆ. ಹಾರ್ಮೋನಿನ ಹೆಸರು ಗೊತ್ತಿಲ್ಲದಿದ್ದರೂ ಈ ಉಪಾಯ ಎಲ್ಲ ಊರಿನಲ್ಲೂ ಗೊತ್ತಿತ್ತು. ಯಾವ ಕೋಳಿಯನ್ನು ಕೂರಿಸಬೇಕು, ಯಾವುದನ್ನು ಎಬ್ಬಿಸಬೇಕು ಎಂಬ ನಿರ್ಧಾರ ಮನೆಯ ಹೆಂಗಸಿನದು. ಮೊಟ್ಟೆ ಮಾರಿದ ದುಡ್ಡೂ ಸಾಮಾನ್ಯವಾಗಿ ಅವಳದೇ. ಹೊಲ ಗಂಡಸಿನ ಹೆಸರಿನಲ್ಲಿ, ಎತ್ತು ಗಂಡಸಿನ ಹೆಸರಿನಲ್ಲಿ. ಸಂತೆಯ ದಿನ ಉಪ್ಪು, ಎಲೆಯಡಿಕೆ, ಮಗುವಿನ ಬಳೆಗೆ ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ಹಣ ಎಷ್ಟೋ ಮನೆಗಳಲ್ಲಿ ಕೋಳಿಯದೊಂದೇ ಆಗಿತ್ತು.

ಹುಂಜಕ್ಕೆ ಕಲ್ಲು

ಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿ ಎಂದು 1868ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಚಾರ್ಲ್ಸ್ ಡಾರ್ವಿನ್ ವಾದಿಸಿದ. ಇತ್ತೀಚಿನ ಜೀನೋಮ್ ಅಧ್ಯಯನಗಳು ಅದನ್ನು ಖಚಿತಪಡಿಸಿ, ಜಾಗವನ್ನು ಇನ್ನಷ್ಟು ಕಿರಿದು ಮಾಡಿವೆ. 863 ಪಕ್ಷಿಗಳ ಜೀನೋಮ್ ಹೋಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನ, ನೈಋತ್ಯ ಚೀನಾ, ಉತ್ತರ ಥಾಯ್ಲೆಂಡ್ ಮತ್ತು ಮ್ಯಾನ್ಮಾರ್ ಸೀಮೆಯ ಉಪಜಾತಿಯೊಂದರ ಕಡೆ ಬೆರಳು ತೋರಿಸಿತು. ಸಾಕಿದ ಕೋಳಿಯದೆಂದು ಖಚಿತವಾಗಿ ಹೇಳಬಹುದಾದ ಅತ್ಯಂತ ಹಳೆಯ ಮೂಳೆಗಳು ಮಧ್ಯ ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕಿವೆ, ಕಾಲ ಕ್ರಿ.ಪೂ. 1650ರಿಂದ 1250ರ ನಡುವೆ ಎಂದು 2022ರ ಸಂಶೋಧನೆ ಹೇಳಿತು. ಒಣಭೂಮಿಯಲ್ಲಿ ಭತ್ತ, ಸಿರಿಧಾನ್ಯ ಬೆಳೆಯತೊಡಗಿದಾಗ ಚೆಲ್ಲಿದ ಕಾಳಿನ ಆಸೆಗೆ ಕಾಡುಕೋಳಿ ಊರಿನ ಹತ್ತಿರ ಬಂತು ಎಂಬುದು ಆ ಸಂಶೋಧಕರ ಊಹೆ.

ಈ ಕತೆಯಲ್ಲಿ ನಮ್ಮ ಸೀಮೆಗೂ ಪಾಲಿದೆ. ಕೆಂಪು ಕಾಡುಕೋಳಿಯ ಕಾಲು, ಚರ್ಮ ಹಳದಿಯಲ್ಲ. ಆದರೆ ಸಾಕಿದ ಕೋಳಿಗಳಲ್ಲಿ ಹಳದಿ ಕಾಲು ಬಹಳ ಸಾಮಾನ್ಯ. ಆ ಹಳದಿಯ ಜೀನ್ ಬಂದದ್ದು ಪಶ್ಚಿಮಘಟ್ಟದಲ್ಲೂ ದಕ್ಷಿಣದ ಇತರ ಕಾಡುಗಳಲ್ಲೂ ಇರುವ ಬೂದು ಕಾಡುಕೋಳಿಯಿಂದ ಎಂದು ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರ ತಂಡ 2008ರಲ್ಲಿ ತೋರಿಸಿತು. ಎಂದೋ ಒಂದು ದಿನ ಕಾಡಿನಂಚಿನ ಹಿತ್ತಲಿನಲ್ಲಿ ನಡೆದ ಬೆರಕೆ ಇವತ್ತು ಜಗತ್ತಿನ ಕೋಟ್ಯಂತರ ಕೋಳಿಗಳ ಕಾಲಿನಲ್ಲಿದೆ. ಬೆರಕೆ ಎಂಬುದು ಕೋಳಿಗೆ ಹೊಸದಲ್ಲ.

ಬರೆದಿಟ್ಟ ಇತಿಹಾಸಕ್ಕೆ ಬಂದರೆ ಅಲ್ಲಿ ಕಾಣಿಸುವುದು ಹುಂಜ. ತಮಿಳುನಾಡಿನ ವಿಳುಪ್ಪುರಂ ಜಿಲ್ಲೆಯ ಅರಸಲಾಪುರಂನಲ್ಲಿ ಸುಮಾರು 1,500 ವರ್ಷ ಹಳೆಯ ವೀರಗಲ್ಲೊಂದಿದೆ. ಅದು ಮನುಷ್ಯನಿಗೆ ನಿಲ್ಲಿಸಿದ್ದಲ್ಲ, ಒಂದು ಕೇರಿಯ ಪರವಾಗಿ ಅಂಕದಲ್ಲಿ ಹೋರಾಡಿದ ಹುಂಜಕ್ಕೆ ನಿಲ್ಲಿಸಿದ್ದು. ಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ ಕನ್ನಡಿಗರಿಗೆ ಆ ಭಾವ ಅಪರಿಚಿತವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜನ ವಿನೋದಗಳ ಸಾಲಿನಲ್ಲಿ ಕೋಳಿಕಾಳಗಕ್ಕೂ ಒಂದು ಜಾಗವಿದೆ. ಪಲ್ನಾಡಿನ ಯುದ್ಧಕ್ಕೆ ಕೋಳಿಪಂದ್ಯವೇ ನೆಪವಾಯಿತು ಎಂದು ತೆಲುಗು ನಾಡಿನ ಕತೆ ಹೇಳುತ್ತದೆ. ತುಳುನಾಡಿನಲ್ಲಿ ಕೋಳಿ ಅಂಕದ ಹುಂಜಗಳಿಗೆ ಬಣ್ಣಕ್ಕೊಂದು ಹೆಸರು, ಗಳಿಗೆಗೊಂದು ಶಕುನ.

ಹೇಂಟೆಗೆ ಎಲ್ಲಿಯೂ ಕಲ್ಲು ನಿಲ್ಲಲಿಲ್ಲ. ಹುಂಜ ಗಂಡಸರ ಬಯಲಿನ ಸಂಗತಿ, ಹೇಂಟೆ ಹೆಂಗಸರ ಹಿತ್ತಲಿನದು. ಇತಿಹಾಸದ ಈ ಹಳೆಯ ಅಭ್ಯಾಸ ಮುಂದೆ 20ನೇ ಶತಮಾನದ ಸರ್ಕಾರಿ ಯೋಜನೆಗಳಲ್ಲೂ ಹಾಗೆಯೇ ಮುಂದುವರಿಯಿತು.

ಕಾರ್ನ್‌ವಾಲ್‌ಗೆ ಹೋದ ಅಸೀಲ್

ಅದಕ್ಕೆ ಮೊದಲು ನಮ್ಮ ಹುಂಜ ಸಮುದ್ರ ದಾಟಿತು. ಕಾಳಗದ ಕೋಳಿಗಳಲ್ಲಿ ಹೆಸರಾದದ್ದು ಅಸೀಲ್. ಎತ್ತರದ ನಿಲುವು, ಅಗಲ ಎದೆ, ಬಿಗಿಯಾದ ಮಾಂಸ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದವರು ಭಾರತದಿಂದ ತಂದ ಅಸೀಲನ್ನು ತಮ್ಮ ಕಾಳಗದ ತಳಿಗಳೊಂದಿಗೆ ಬೆರೆಸಿದರು. ಹುಟ್ಟಿದ ಕೋಳಿಗೆ 'ಇಂಡಿಯನ್ ಗೇಮ್' ಎಂದು ಹೆಸರಾಯಿತು. ಕಾಳಗಕ್ಕೆ ಅದು ಅಷ್ಟು ಒದಗಲಿಲ್ಲ, ಆದರೆ ಎದೆಯ ಮೇಲೆ ಅಷ್ಟು ಮಾಂಸ ಬೇರಾವ ಕೋಳಿಗೂ ಇರಲಿಲ್ಲ. ಅಮೆರಿಕಕ್ಕೆ ಹೋಗಿ ಅದು 'ಕಾರ್ನಿಷ್' ಆಯಿತು. 1948ರಲ್ಲಿ ಅಮೆರಿಕದಲ್ಲಿ 'ನಾಳಿನ ಕೋಳಿ' ಎಂಬ ರಾಷ್ಟ್ರೀಯ ಸ್ಪರ್ಧೆ ನಡೆದಾಗ ಗೆದ್ದದ್ದು ಕಾರ್ನಿಷ್ ರಕ್ತದ ಬೆರಕೆ. ಇವತ್ತಿನ ಬ್ರಾಯ್ಲರ್ ಕೋಳಿಯ ವಂಶದಲ್ಲಿ ತಂದೆಯ ಕಡೆ ನಿಂತಿರುವುದು ಅದೇ ಕಾರ್ನಿಷ್. ಭಾರತದ ಹುಂಜದ ಎದೆ ಹೀಗೆ ಜಗತ್ತಿನ ತಟ್ಟೆಗೆ ಬಂತು.

ಮೊಟ್ಟೆಯ ಕಡೆ ಬೇರೊಂದು ಬದಲಾವಣೆ ನಡೆಯುತ್ತಿತ್ತು. ಕೃತಕ ಶಾಖದಲ್ಲಿ ಮರಿ ಮಾಡುವುದು ಹಳೆಯ ವಿದ್ಯೆ. ಈಜಿಪ್ಟಿನಲ್ಲಿ ಮಣ್ಣಿನ ಇಟ್ಟಿಗೆಯ ದೊಡ್ಡ ಒಲೆಮನೆಗಳಲ್ಲಿ ಸಾವಿರಾರು ಮೊಟ್ಟೆಗಳನ್ನು ಒಟ್ಟಿಗೆ ಮರಿ ಮಾಡಿಸುತ್ತಿದ್ದರು. ಆದರೆ ಅದು ಅಲ್ಲಿಯ ಕೆಲವು ಕುಟುಂಬಗಳ ಕಸುಬಾಗಿತ್ತು. ಕ್ಯಾಲಿಫೋರ್ನಿಯಾದ ಪೆಟಲೂಮಾ ಎಂಬ ಪಟ್ಟಣದಲ್ಲಿ ಲೈಮನ್ ಬೈಸ್ ಎಂಬಾತ 1879ರ ಸುಮಾರಿಗೆ ಮಾರಾಟಕ್ಕೆ ಒಗ್ಗುವ ಇನ್‌ಕ್ಯುಬೇಟರ್ ಮಾಡಿದ. ಯಂತ್ರವೇ ಕಾವು ಕೊಡುವುದಾದರೆ ಕೋಳಿ ಏಕೆ ಕೂರಬೇಕು? ಇಟಲಿಯ ಲಿವೊರ್ನೊ ಬಂದರಿನಿಂದ ಹೆಸರು ಪಡೆದ ಬಿಳಿ ಲೆಗ್‌ಹಾರ್ನ್ ಮೊದಲೇ ಕಾವಿಗೆ ಕೂರುವುದು ಕಡಿಮೆ. ತಳಿ ಬೆಳೆಸುವವರು ಪೀಳಿಗೆಯಿಂದ ಪೀಳಿಗೆಗೆ ಕಾವಿಗೆ ಕೂರುವ ಕೋಳಿಗಳನ್ನು ತೆಗೆದುಹಾಕುತ್ತಾ ಬಂದರು. ಹಿತ್ತಲಿನ ಹೆಂಗಸು ಯಾವ ಗುಣ ನೋಡಿ ಕೋಳಿಯನ್ನು ಉಳಿಸಿಕೊಳ್ಳುತ್ತಿದ್ದಳೋ, ಅದೇ ಗುಣಕ್ಕಾಗಿ ಫಾರಂನವನು ಕೋಳಿಯನ್ನು ಮಾಂಸಕ್ಕೆ ಕಳಿಸಿದ. ಕಾವು ಎಂಬುದು ತಾಯ್ತನದಿಂದ 'ದೋಷ'ದ ಪಟ್ಟಿಗೆ ಜಾರಿದ್ದು ಹೀಗೆ.

ಡಾರ್ವಿನ್ ಇದೇ ವಿಷಯದಲ್ಲಿ ಒಂದು ವಿಚಿತ್ರವನ್ನು ಗುರುತಿಸಿದ್ದ. ಕಾವಿಗೆ ಕೂರದ ಎರಡು ಬೇರೆ ಬೇರೆ ತಳಿಗಳನ್ನು ಬೆರೆಸಿದಾಗ ಹುಟ್ಟಿದ ಹೇಂಟೆಗಳು ಹಲವು ಸಲ ಚೆನ್ನಾಗಿ ಕಾವಿಗೆ ಕೂರುತ್ತಿದ್ದವು. ಕಳೆದುಹೋಯಿತು ಎಂದುಕೊಂಡದ್ದು ರಕ್ತದಲ್ಲಿ ಮಲಗಿತ್ತು, ಬೆರಕೆ ಅದನ್ನು ಎಬ್ಬಿಸಿತು.

ಹುಂಜ ಬದಲಿಸುವ ಯೋಜನೆ

ಲೆಗ್‌ಹಾರ್ನ್ ಮತ್ತು ರೋಡ್ ಐಲೆಂಡ್ ರೆಡ್ ಭಾರತದ ಹಳ್ಳಿಗೆ ಬಂದದ್ದು ಹೆಚ್ಚಾಗಿ ಮಿಷನರಿಗಳ ಮೂಲಕ. 20ನೇ ಶತಮಾನದ ಆರಂಭದಲ್ಲಿ ಸಂಯುಕ್ತ ಪ್ರಾಂತದ ಏಟಾ ಪಟ್ಟಣದಲ್ಲಿ ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಷನ್ನಿನ ಎ.ಇ. ಸ್ಲೇಟರ್ ಕೋಳಿ ಫಾರಂ ನಡೆಸಿ, ಬಡ ಕುಟುಂಬಗಳಿಗೆ ವಿದೇಶಿ ತಳಿಯನ್ನು ತಲುಪಿಸಿದರು. 1920ರ ದಶಕದಲ್ಲಿ ತಿರುವಾಂಕೂರಿನ ಮಾರ್ತಾಂಡಂನಲ್ಲಿ ವೈಎಂಸಿಎ ಗ್ರಾಮ ಪುನರ್ನಿರ್ಮಾಣ ಕೇಂದ್ರದ ಸ್ಪೆನ್ಸರ್ ಹ್ಯಾಚ್ ಒಳ್ಳೆಯ ತಳಿಯ ಜೊತೆಗೆ ಮೊಟ್ಟೆ ಮಾರುವ ಸಹಕಾರ ಸಂಘವನ್ನೂ ಕಟ್ಟಿದರು. ಸಣ್ಣ ಹಿಡುವಳಿಯವರಿಗೆ, ಭೂಮಿಯೇ ಇಲ್ಲದವರಿಗೆ ಕೋಳಿ ದಾರಿಯಾಗಬಹುದು ಎಂದು ಇವರು ಕಂಡುಕೊಂಡದ್ದು ದೊಡ್ಡ ಮಾತು.

ಅದೇ ಹೊತ್ತಿಗೆ ಕೋಳಿಗೆ ದೊಡ್ಡ ಶತ್ರುವೊಂದಕ್ಕೆ ಹೆಸರು ಬಂತು. ಕುಮಾವೂ ಬೆಟ್ಟಗಳ ರಾಣಿಖೇತ್‌ನಲ್ಲಿ 1920ರ ದಶಕದ ಕೊನೆಗೆ ಗುರುತಿಸಿದ ರೋಗ ಭಾರತದಲ್ಲಿ ರಾಣಿಖೇತ್ ರೋಗವಾಯಿತು. ಇಂಗ್ಲೆಂಡಿನಲ್ಲಿ ಅದೇ ನ್ಯೂಕ್ಯಾಸಲ್ ರೋಗ, ಕನ್ನಡ ರೈತರ ಬಾಯಲ್ಲಿ ಕೊಕ್ಕರೆ ರೋಗ. ಬಂದರೆ ಒಂದು ವಾರದಲ್ಲಿ ಇಡೀ ಕೇರಿಯ ಕೋಳಿ ಸಾಫ್. ಇಜ್ಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ 1939ರಲ್ಲಿ ಕೋಳಿ ಸಂಶೋಧನಾ ವಿಭಾಗ ಶುರುವಾಯಿತು. 1940ರ ದಶಕದಲ್ಲಿ ಹ್ಯಾಡೊ ಮತ್ತು ಇದ್ನಾನಿ ಎಂಬ ವಿಜ್ಞಾನಿಗಳು ಈ ರೋಗಕ್ಕೆ ರೂಪಿಸಿದ 'ಮುಕ್ತೇಶ್ವರ' ಲಸಿಕೆ ಇವತ್ತಿಗೂ ಹೆಸರು ಉಳಿಸಿಕೊಂಡಿದೆ.

ಸ್ವಾತಂತ್ರ್ಯದ ನಂತರ ಎರಡನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಕೇಂದ್ರ ಸರ್ಕಾರ ಪ್ರಾದೇಶಿಕ ಕೋಳಿ ಫಾರಂಗಳನ್ನು ಶುರುಮಾಡಿತು. ಬೆಂಗಳೂರಿನ ಹೊರಗಿನ ಹೆಸರಘಟ್ಟ, ಮುಂಬೈ, ದೆಹಲಿ, ಭುವನೇಶ್ವರಗಳು ಆ ಪಟ್ಟಿಯಲ್ಲಿದ್ದವು. ಹೊರದೇಶದ ತಳಿಗಳನ್ನು ಇಲ್ಲಿಯ ಹವೆಗೆ ಒಗ್ಗಿಸಿ ಹಳ್ಳಿಗೆ ತಲುಪಿಸುವುದು ಉದ್ದೇಶ. ಅದಕ್ಕೆ ಸುಲಭವಾಗಿ ಕಂಡ ದಾರಿ ಹುಂಜ ಬದಲಾವಣೆ. ಊರಿನ ಹುಂಜಗಳನ್ನು ತೆಗೆದು, ಬದಲಿಗೆ ಲೆಗ್‌ಹಾರ್ನ್ ಅಥವಾ ರೋಡ್ ಐಲೆಂಡ್ ರೆಡ್ ಹುಂಜ ಕೊಡುವುದು. ಒಂದು ಹುಂಜ ಹತ್ತು ಹೇಂಟೆಗೆ ಸಾಕು, ಹಾಗಾಗಿ ಒಂದು ಪಂಜರದಲ್ಲಿ ಒಂದು ಊರಿನ ಸುಧಾರಣೆಯನ್ನು ಹೊತ್ತುಕೊಂಡು ಹೋಗಬಹುದು. ಕಾಗದದ ಮೇಲೆ ಇದಕ್ಕಿಂತ ಅಗ್ಗದ ಯೋಜನೆ ಇರಲಾರದು.

ಹಿತ್ತಲಿನಲ್ಲಿ ಲೆಕ್ಕ ತಪ್ಪಿತು. ಬಿಳಿ ಕೋಳಿ ದೂರದ ಹದ್ದಿಗೂ ಕಾಣಿಸುತ್ತದೆ. ಬೆರಕೆ ಮರಿ ದೊಡ್ಡದಾಯಿತು, ಮೊಟ್ಟೆಯನ್ನೂ ಹೆಚ್ಚು ಕೊಟ್ಟಿತು, ಆದರೆ ಕೆದರಿ ತಿಂದದ್ದು ಅದರ ಹೊಟ್ಟೆಗೆ ಸಾಲದೆ ಕಾಳು ಕೇಳಿತು. ಲಸಿಕೆ ನೂರು ಕೋಳಿಗಾಗುವಷ್ಟು ದೊಡ್ಡ ಸೀಸೆಯಲ್ಲಿ ಬರುತ್ತಿತ್ತು, ತಣ್ಣಗೆ ಇಡಬೇಕಿತ್ತು, ತೆರೆದ ಮೇಲೆ ಬೇಗ ಮುಗಿಸಬೇಕಿತ್ತು. ಹತ್ತು ಕೋಳಿ ಇರುವ ಮನೆಗೆ ಅದು ಹೊಂದಲಿಲ್ಲ. ಇವೆಲ್ಲದರ ಜೊತೆಗೆ, ಎರಡು ಮೂರು ಪೀಳಿಗೆ ವಿದೇಶಿ ಹುಂಜದ ರಕ್ತ ಸೇರಿದ ಮೇಲೆ ಹೇಂಟೆಗಳು ಕಾವಿಗೆ ಕೂರುವುದು ಕಡಿಮೆಯಾಯಿತು. ಮೊಟ್ಟೆ ಸಿಕ್ಕಿತು, ಮರಿ ಸಿಗಲಿಲ್ಲ. ಮರಿ ಬೇಕಾದರೆ ಮತ್ತೆ ಫಾರಂಗೆ ಅರ್ಜಿ ಹಾಕಬೇಕು. ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ ಎಂಬ ಗಾದೆಯಿದೆ. ಇಲ್ಲಿ ಕೋಳಿಯನ್ನೂ ಕೇಳಲಿಲ್ಲ, ಕೋಳಿ ಸಾಕುವವಳನ್ನೂ ಕೇಳಲಿಲ್ಲ.

ಲಾರಿಯ ಮೊಟ್ಟೆ

ಹಳ್ಳಿಯ ಸುಧಾರಣೆ ಹೀಗೆ ಕುಂಟುತ್ತಿರುವಾಗಲೇ ನಗರದ ಸುತ್ತ ಬೇರೆಯದೇ ಕೋಳಿ ಸಾಕಣೆ ಎದ್ದುನಿಂತಿತು. 1960ರ ದಶಕದಲ್ಲಿ ಅಮೆರಿಕದ ಆರ್ಬರ್ ಏಕರ್ಸ್ ಪುಣೆಯಲ್ಲಿ ನೆಲೆಯೂರಿತು. 1967ರಲ್ಲಿ ವಿನೋದ್ ಕಪೂರ್ ದೆಹಲಿಯ ಪಕ್ಕದ ಗುರಗಾಂವ್‌ನಲ್ಲಿ ಕೆಗ್ ಫಾರ್ಮ್ಸ್ ಶುರುಮಾಡಿದರು. 1971ರಲ್ಲಿ ಡಾ. ಬಿ.ವಿ. ರಾವ್ ವೆಂಕಟೇಶ್ವರ ಹ್ಯಾಚರೀಸ್ ಸ್ಥಾಪಿಸಿದರು. ಇನ್ನು ಮುಂದೆ ಕೋಳಿ ಸಾಕುವವನು ಮರಿಯನ್ನು ಹ್ಯಾಚರಿಯಿಂದಲೇ ಕೊಳ್ಳುತ್ತಿದ್ದ. ಹ್ಯಾಚರಿಯವರು ಅಜ್ಜ ಅಜ್ಜಿ ಪೀಳಿಗೆಯನ್ನು ತಮ್ಮಲ್ಲೇ ಇಟ್ಟುಕೊಂಡು, ಕೊನೆಯ ಪೀಳಿಗೆಯ ಒಂದು ದಿನದ ಮರಿಯನ್ನು ಮಾರುತ್ತಿದ್ದರು. ಅದನ್ನು ಮತ್ತೆ ಮರಿ ಮಾಡಿಸಿದರೆ ಗುಣ ಚದುರಿಹೋಗುತ್ತದೆ. ಹೈಬ್ರಿಡ್ ಜೋಳದ ಬೀಜದ ಹಾಗೆ, ಪ್ರತಿ ಸಲವೂ ಹೊಸದಾಗಿ ಕೊಳ್ಳಬೇಕು.

ಅದರ ಫಲವನ್ನು ಅಲ್ಲಗಳೆಯುವಂತಿಲ್ಲ. ಮೊಟ್ಟೆ ಉಳ್ಳವರ ತಿಂಡಿಯಾಗಿದ್ದದ್ದು ಎಲ್ಲರಿಗೂ ಎಟುಕಿತು. ದಲ್ಲಾಳಿಗಳು ಹೇಳಿದ ಬೆಲೆಗೆ ಮಾರಿ ಸೋಲುತ್ತಿದ್ದ ಸಾಕಣೆದಾರರು 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಕಟ್ಟಿಕೊಂಡು, ದಿನದ ದರವನ್ನು ತಾವೇ ಹೇಳತೊಡಗಿದರು. ಭಾನುವಾರವಾಗಲಿ ಸೋಮವಾರವಾಗಲಿ ದಿನಾ ಮೊಟ್ಟೆ ತಿನ್ನಿ ಎಂಬ ಅವರ ಹಿಂದಿ ಜಾಹೀರಾತು ದೂರದರ್ಶನದ ಕಾಲದವರ ಕಿವಿಯಲ್ಲಿ ಇನ್ನೂ ಇದೆ. ನಾಮಕ್ಕಲ್ ಮೊಟ್ಟೆಯ ಊರಾಯಿತು. ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳ ಕೋಳಿ ಮೇವಿಗೆ ಲಾರಿ ಹತ್ತಿತು. ಅದೇ ಬಗೆಯ ಲಾರಿಯಲ್ಲಿ ಮೊಟ್ಟೆ ಹಳ್ಳಿಯ ಅಂಗಡಿಗೆ ಬಂದಿಳಿಯಿತು.

ಅಂಗಡಿಯ ಮೊಟ್ಟೆ ಅಗ್ಗವಾದಾಗ ಹಿತ್ತಲಿನ ಮೊಟ್ಟೆಯ ಸಂತೆ ಕುಗ್ಗಿತು. ಶೆಡ್ಡು ಗಂಡಸರ ಉದ್ಯಮವಾಯಿತು: ಸಾಲ, ಲೈಸೆನ್ಸು, ಕರೆಂಟು, ಗುತ್ತಿಗೆ. ಅಲ್ಲಿ ಹೆಂಗಸು ಕೆಲಸಕ್ಕೆ ಹೋದರೆ ಕೂಲಿಯಾಗಿ ಹೋದಳು. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಕಾಣಿಸಿಕೊಂಡಾಗ, ಶೆಡ್ಡಿನ ಕೋಳಿಗಳ ಜೊತೆ ಸುತ್ತಲಿನ ಮನೆಗಳ ಕೋಳಿಗಳನ್ನೂ ಕೊಂದರು. ಶೆಡ್ಡಿಗೆ ಮರಿ ಮತ್ತೆ ಹ್ಯಾಚರಿಯಿಂದ ಬರುತ್ತದೆ. ಹಿತ್ತಲಿನ ಹಿಂಡಿಗಾದರೆ ಕಾವಿಗೆ ಕೂರುವ ಹೇಂಟೆಯೇ ಹ್ಯಾಚರಿ, ಅದು ಹೋದರೆ ಎಲ್ಲವೂ ಹೋದಂತೆ.

ಗಿರಿರಾಜನ ತಾಯಿ ಯಾರು?

ಶೆಡ್ಡಿನ ಕೋಳಿ ಹಳ್ಳಿಯ ಹಿತ್ತಲಿಗೆ ಹೊಂದುವುದಿಲ್ಲ ಎಂದು ಅರಿತ ವಿಜ್ಞಾನಿಗಳು 1980ರ ದಶಕದಲ್ಲಿ ಪ್ರಶ್ನೆಯನ್ನು ತಿರುಗಿಸಿ ಕೇಳಿದರು. ಕೋಳಿಗೆ ಹೊಂದುವ ಶೆಡ್ಡು ಕಟ್ಟುವ ಬದಲು ಹಿತ್ತಲಿಗೆ ಹೊಂದುವ ಕೋಳಿ ಮಾಡಲಾಗದೇ? ಉತ್ತರ ಬೆಂಗಳೂರಿನ ಹೆಬ್ಬಾಳದಿಂದ ಬಂತು. ಕೃಷಿ ವಿಶ್ವವಿದ್ಯಾಲಯದ ಕೋಳಿ ವಿಜ್ಞಾನಿಗಳು ಹಲವು ತಳಿಗಳನ್ನು ಬೆರೆಸಿ ಆ ದಶಕದ ಕೊನೆಗೆ ಗಿರಿರಾಜ ಕೋಳಿಯನ್ನು ಹೊರತಂದರು. ನಾಟಿ ಕೋಳಿಯ ಹಾಗೆ ಬಣ್ಣಬಣ್ಣದ ಪುಕ್ಕ, ಆದ್ದರಿಂದ ಗಿಡಗಂಟಿಯ ನಡುವೆ ಹದ್ದಿನ ಕಣ್ಣು ತಪ್ಪಿಸಿಕೊಳ್ಳಬಲ್ಲದು. ಕೆದರಿ ತಿನ್ನಬಲ್ಲದು. ತೂಕದಲ್ಲಿ ನಾಟಿಗಿಂತ ಎಷ್ಟೋ ಪಾಲು ಹೆಚ್ಚು, ಮೊಟ್ಟೆ ವರ್ಷಕ್ಕೆ 130ರಿಂದ 150. ಹೈದರಾಬಾದಿನ ರಾಜೇಂದ್ರನಗರದ ಕೇಂದ್ರ ಸಂಸ್ಥೆಯಿಂದ ವನರಾಜ, ಗ್ರಾಮಪ್ರಿಯ ಬಂದವು. 1990ರ ದಶಕದಲ್ಲಿ ಕೆಗ್ ಫಾರ್ಮ್ಸ್ ಕುರಾಯ್ಲರ್ ಎಂಬ ತಳಿಯನ್ನು ಉತ್ತರ ಮತ್ತು ಪೂರ್ವ ಭಾರತದ ಹಳ್ಳಿಗಳಿಗೆ ತಲುಪಿಸಿತು, ಮುಂದೆ ಅದು ಉಗಾಂಡಾಕ್ಕೂ ಹೋಯಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೈಗೆ ಹೆಬ್ಬಾಳ ಬಂದ ಮೇಲೆ, 2005ರಲ್ಲಿ ಸ್ವರ್ಣಧಾರಾ ಬಂತು.

ಇವು ನಿಜವಾದ ಸಾಧನೆಗಳು. ಹುಂಜ ಕೊಡುವ ಯೋಜನೆ ಮಾಡಿದ ತಪ್ಪುಗಳಲ್ಲಿ ಹೆಚ್ಚಿನವನ್ನು ಈ ಕೋಳಿಗಳು ತಿದ್ದಿದವು. ಬಣ್ಣ ತಿದ್ದಿತು, ಮೇವು ತಿದ್ದಿತು, ರೋಗ ತಡೆಯುವ ಶಕ್ತಿ ಸ್ವಲ್ಪ ಹೆಚ್ಚಿತು. ತಿದ್ದದೆ ಉಳಿದದ್ದು ಕಾವು. ಗಿರಿರಾಜ ಹೇಂಟೆ ಕಾವಿಗೆ ಕೂರುವುದು ಅಪರೂಪ. ಮೊಟ್ಟೆ ಹೆಚ್ಚಬೇಕೆಂದರೆ ಕಾವು ಕಡಿಮೆಯಾಗಲೇಬೇಕು, ಎರಡೂ ಒಂದೇ ಹಾರ್ಮೋನಿನ ತಕ್ಕಡಿಯಲ್ಲಿವೆ. ಹಾಗಾಗಿ ಗಿರಿರಾಜನ ಮರಿಗೆ ತಾಯಿ ಇಲ್ಲ. ಅದು ಯಂತ್ರದಲ್ಲಿ ಹುಟ್ಟಿ, ರಟ್ಟಿನ ಪೆಟ್ಟಿಗೆಯಲ್ಲಿ ಬಸ್ಸು ಹತ್ತಿ, ಬಲ್ಬಿನ ಶಾಖದಲ್ಲಿ ಮೊದಲ ವಾರಗಳನ್ನು ಕಳೆಯುತ್ತದೆ. ಕರೆಂಟು ಹೋದ ಮಳೆಗಾಲದ ರಾತ್ರಿ ಮರಿಗಳು ಒಂದರ ಮೇಲೊಂದು ಬಿದ್ದು ಸಾಯುವುದು ಕೊಂಡುತಂದವರಿಗೆಲ್ಲ ಗೊತ್ತಿರುವ ನಷ್ಟ. ಹದ್ದಿನ ನೆರಳು ಕಂಡಾಗ ಓಡಿ ಅಡಗಬೇಕು ಎಂದು ಕೂಗಿ ಹೇಳುವ ತಾಯಿ ಅವಕ್ಕಿಲ್ಲ. ಹಿತ್ತಲಿಗೆಂದೇ ಹುಟ್ಟಿದ ಕೋಳಿ ಹಿತ್ತಲಿನಲ್ಲಿ ತಾನಾಗಿ ಹುಟ್ಟಲಾರದು.

ಬೆರಕೆ ಹಿಂಡು

ಈ ಗಂಟನ್ನು ಸದ್ದಿಲ್ಲದೆ ಸಡಿಲಿಸಿದವರು ಹೆಂಗಸರೇ. ಇವತ್ತು ಕರ್ನಾಟಕದ ತೋಟದ ಮನೆಯೊಂದರ ಅಂಗಳಕ್ಕೆ ಹೋದರೆ ಕಾಣಿಸುವುದು ಶುದ್ಧ ಗಿರಿರಾಜವೂ ಅಲ್ಲ, ಶುದ್ಧ ನಾಟಿಯೂ ಅಲ್ಲ. ನಾಲ್ಕೈದು ನಾಟಿ ಹೇಂಟೆ, ಅವುಗಳಲ್ಲೊಂದಕ್ಕೆ ಬೋಳು ಕುತ್ತಿಗೆ. ಎರಡು ಗಿರಿರಾಜ, ಇವೆರಡರ ನಡುವಿನ ಹಲವು ಬಣ್ಣದ ಬೆರಕೆಗಳು, ಕೆಲವು ಕಡೆ ಹಾವು ಕಂಡರೆ ಅರಚುತ್ತದೆ ಎಂದು ಸಾಕಿದ ಗಿನಿಕೋಳಿ, ಕೆರೆ ಹತ್ತಿರವಿದ್ದರೆ ಬಾತು. ಈ ಕಲಸುಮೇಲೋಗರದ ನಡುವೆ ಒಂದು ವ್ಯವಸ್ಥೆಯಿದೆ. ಮೊಟ್ಟೆ ಇಡುವುದು ಗಿರಿರಾಜ, ಕಾವಿಗೆ ಕೂರುವುದು ನಾಟಿ. ನಾಟಿ ಹೇಂಟೆ ಕಾವಿಗೆ ಬಂದಾಗ ಅದರ ಮೊಟ್ಟೆಗಳ ಬದಲಿಗೆ ಏಳೆಂಟು ದೊಡ್ಡ ಮೊಟ್ಟೆಗಳನ್ನು ಇಡುತ್ತಾರೆ. ಹೊರಗಿನಿಂದ ಮರಿ ಕೊಂಡುತಂದರೂ ಕತ್ತಲಾದ ಮೇಲೆ ಕಾವಿನ ಕೋಳಿಯ ರೆಕ್ಕೆಯ ಕೆಳಗೆ ಒಂದೊಂದಾಗಿ ಸೇರಿಸಿಬಿಡುತ್ತಾರೆ. ಬೆಳಿಗ್ಗೆ ಎದ್ದ ಹೇಂಟೆ ಅವುಗಳನ್ನು ತನ್ನವೆಂದೇ ಕರೆದುಕೊಂಡು ಹೊರಡುತ್ತದೆ. ಬಾತಿನ ಮೊಟ್ಟೆಗೆ ಇಪ್ಪತ್ತೆಂಟು ದಿನ ಬೇಕು. ಅಷ್ಟೂ ದಿನ ಕೂತು, ಕೊನೆಗೆ ಮರಿಗಳು ನೀರಿಗಿಳಿದಾಗ ದಡದಲ್ಲಿ ನಿಂತು ಹೌಹಾರುವ ಕೋಳಿಯನ್ನು ನೋಡಿ ನಗದ ಮಕ್ಕಳಿಲ್ಲ.

ಇದರಲ್ಲಿ ಅಪಾಯವೂ ಇದೆ. ಬೆರಕೆ ಲೆಕ್ಕ ತಪ್ಪಿದರೆ ಕೆಲವೇ ವರ್ಷದಲ್ಲಿ ನಾಟಿ ಗುಣ ಕರಗಿಹೋಗುತ್ತದೆ, ಕಾವಿಗೆ ಕೂರುವ ಹೇಂಟೆಯೇ ಇಲ್ಲವಾಗುತ್ತದೆ ಎಂಬ ತಳಿ ಸಂರಕ್ಷಕರ ಆತಂಕ ಸರಿಯಾದದ್ದೇ. ಹುಂಜ ಬದಲಾವಣೆಯ ದಿನಗಳಲ್ಲಿ ಆದದ್ದು ಅದೇ. ಆದರೆ ಅಂದಿಗೂ ಇಂದಿಗೂ ಒಂದು ವ್ಯತ್ಯಾಸವಿದೆ. ಅಂದು ಯಾವ ಹುಂಜ ಉಳಿಯಬೇಕು ಎಂದು ಹೇಳಿದ್ದು ಕಚೇರಿ. ಇಂದು ಬೆರಕೆ ಹಿಂಡಿನಲ್ಲಿ ಯಾವುದನ್ನು ಸಂತೆಗೆ ಕಳಿಸಬೇಕು, ಯಾವುದನ್ನು ಉಳಿಸಬೇಕು ಎಂದು ಹೇಳುವವಳು ಬುಟ್ಟಿಗೆ ಬೂದಿ ಹಾಕುವವಳು. ಒಳ್ಳೆಯ ತಾಯಿಯೆಂದು ಹೆಸರಾದ ನಾಟಿ ಹೇಂಟೆಗೆ ಎಷ್ಟೇ ಬೆಲೆ ಬಂದರೂ ಅವಳು ಅದನ್ನು ಮಾರುವುದಿಲ್ಲ. ಕಳೆದ ಕಾವು ಬೆರಕೆಯಲ್ಲಿ ಮತ್ತೆ ಎದ್ದೀತು ಎಂಬ ಡಾರ್ವಿನ್ನನ ಮಾತನ್ನು ಓದದಿದ್ದರೂ, ಬೆರಕೆ ಹೇಂಟೆಗಳಲ್ಲಿ ಕೂರುವವು ಯಾವುವು ಎಂದು ಅವಳು ಗಮನಿಸುತ್ತಿರುತ್ತಾಳೆ.

2019ರ ಜಾನುವಾರು ಗಣತಿ ಬಂದಾಗ ಅದರಲ್ಲಿದ್ದ ಒಂದು ಅಂಕಿ ಹಲವರನ್ನು ಬೆರಗಾಗಿಸಿತು. ದೇಶದ ಒಟ್ಟು ಕೋಳಿ ಮತ್ತಿತರ ಸಾಕು ಪಕ್ಷಿಗಳು 85.18 ಕೋಟಿ. ಅದರಲ್ಲಿ ಫಾರಂನವು 53.47 ಕೋಟಿ, ಹಿಂದಿನ ಗಣತಿಗಿಂತ ಶೇ. 4.5ರಷ್ಟು ಹೆಚ್ಚಳ. ಹಿತ್ತಲಿನವು 31.71 ಕೋಟಿ, ಹೆಚ್ಚಳ ಶೇ. 46ರ ಹತ್ತಿರ. ಮುಗಿದುಹೋಯಿತು ಎಂದುಕೊಂಡ ಹಿತ್ತಲಿನ ಹಿಂಡು ಶೆಡ್ಡಿಗಿಂತ ವೇಗವಾಗಿ ಬೆಳೆದಿತ್ತು. ನಾಟಿ ಕೋಳಿಗೆ, ನಾಟಿ ಮೊಟ್ಟೆಗೆ ನಗರದವರು ಎರಡರಷ್ಟು ಬೆಲೆ ಕೊಡಲು ತಯಾರಾದದ್ದು ಒಂದು ಕಾರಣ, ಗಿರಿರಾಜ ವನರಾಜಗಳು ಇನ್ನೊಂದು ಕಾರಣ. ಗಣತಿಯಲ್ಲಿ ಕಾವಿಗೆ ಕೂರುವ ಹೇಂಟೆಗಳು ಎಷ್ಟು ಎಂಬ ಅಂಕಣವಿಲ್ಲ. ಹಿತ್ತಲಿನ ಹಿಂಡು ತನ್ನ ಕಾಲ ಮೇಲೆ ನಿಂತಿದೆಯೋ ಹ್ಯಾಚರಿಯ ಪೆಟ್ಟಿಗೆಯ ಮೇಲೆ ನಿಂತಿದೆಯೋ ಎಂಬುದನ್ನು ಆ ಒಂದು ಅಂಕಣವೇ ಹೇಳಬಲ್ಲದು.

ಲೆಕ್ಕವಂತೂ ಪ್ರತಿ ಮನೆಯಲ್ಲೂ ಇದೆ. ಮಳೆ ನಿಂತು ಚಳಿ ಶುರುವಾಗುವ ಮೊದಲು, ಮೂರು ಬೇರೆ ಬೇರೆ ಬಣ್ಣದ ಮೊಟ್ಟೆಗಳ ಮೇಲೆ ಕೂತ ಕಪ್ಪು ಹೇಂಟೆಯ ಹತ್ತಿರ ಕೈ ತಂದರೆ ಅದು ಪುಕ್ಕ ಉಬ್ಬಿಸಿ ಕುಕ್ಕಲು ಬರುತ್ತದೆ. ಮನೆಯವಳು ಕೈ ಹಿಂದಕ್ಕೆ ತೆಗೆದುಕೊಂಡು, ಗೋಡೆಯ ಕ್ಯಾಲೆಂಡರಿನಲ್ಲಿ ಇಪ್ಪತ್ತೊಂದನೆಯ ದಿನಕ್ಕೆ ಒಂದು ಗೆರೆ ಎಳೆಯುತ್ತಾಳೆ.